ಎ ಬಿ ಸಿ ಡಿ ಬರುತ್ತದೆ, ‘ಅಮ್ಮ ಬಾ’ ಬರುವುದಿಲ್ಲ: 22 ತಿಂಗಳ ಮಗುವಿನ ಮಾತಿನ ಒಂದು ಪ್ರಕರಣ

ಮಗು ಗಂಡು, ವಯಸ್ಸು 22 ತಿಂಗಳು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ, ಹಗಲು ಹೊತ್ತು ನೋಡಿಕೊಳ್ಳಲು ಬರುವ ಆಯಾ. ಅಮ್ಮ ಶಿವಮೊಗ್ಗ ಕಡೆಯವರು, ಮಗನ ಜೊತೆ ಕನ್ನಡ. ಅಪ್ಪ ಪುತ್ತೂರು ಕಡೆಯವರು, ತಮ್ಮ ತಾಯಿಯ ಜೊತೆ ತುಳು, ಹೆಂಡತಿಯ ಜೊತೆ ಕನ್ನಡ. ಅಜ್ಜಿ ಮೊಮ್ಮಗನಿಗೆ ತುಳುವಲ್ಲೇ ಮಾತಾಡಿಸುತ್ತಾರೆ. ಆಯಾ ತೆಲುಗು. ಮೊಬೈಲು, ಟಿವಿ ಇಂಗ್ಲಿಷು. ತಾಯ್ತಂದೆಯರ ದೂರು ಇಷ್ಟು: “ಎ ಬಿ ಸಿ ಡಿ ಪೂರ್ತಿ ಹೇಳ್ತಾನೆ, ಹತ್ತರವರೆಗೆ ಎಣಿಸ್ತಾನೆ. ಆದರೆ ನೀರು ಬೇಕಾದ್ರೆ ಅಳ್ತಾನೆ, ನಮ್ಮನ್ನ ಒಂದು ಸಲಾನೂ ಕೂಗಿ ಕರೆದಿಲ್ಲ.”

ಇದು ಇಂಥ ಹಲವು ಮನೆಗಳ ಲಕ್ಷಣಗಳನ್ನು ಒಟ್ಟುಗೂಡಿಸಿ, ಯಾರ ಗುರುತೂ ಸಿಗದಂತೆ ಕಟ್ಟಿದ ಮಾದರಿ ಪ್ರಕರಣ. ಅಂಕಿಗಳೂ ಆ ಮಾದರಿಗೆ ಸೇರಿದವು. ಆದರೆ ಕ್ರಮ, ಪರೀಕ್ಷೆ, ಎಡವುವ ಜಾಗ, ಇವೆಲ್ಲ ಹೀಗೇ ಇರುತ್ತವೆ.

ಬೆಳವಣಿಗೆಯ ಕಡೆ ಚಿಂತೆಗೆ ಕಾರಣವಿರಲಿಲ್ಲ. ತೂಕ 11.2 ಕಿಲೋ, ಉದ್ದ 85 ಸೆಂಟಿಮೀಟರ್, ತಲೆಯ ಸುತ್ತಳತೆ 48 ಸೆಂಟಿಮೀಟರ್. ಮೂರೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಸಹಜ ಮಿತಿಯೊಳಗೇ ಇವೆ. 13 ತಿಂಗಳಿಗೆ ನಡೆದಿದ್ದಾನೆ, ಮೆಟ್ಟಿಲು ಹತ್ತುತ್ತಾನೆ, ಡಬ್ಬಿಯ ಮುಚ್ಚಳ ತಿರುಗಿಸುತ್ತಾನೆ. ಒಂದೇ ಕೊರತೆ ಎಂದರೆ ದಿನಕ್ಕೆ ಸುಮಾರು 800 ಮಿಲಿ ಹಾಲು ಬಾಟಲಿಯಲ್ಲಿ ಕುಡಿಯುತ್ತಿದ್ದ, ಹಾಗಾಗಿ ಊಟಕ್ಕೆ ಹಸಿವೇ ಇರುತ್ತಿರಲಿಲ್ಲ. ಅದನ್ನು 400–500 ಮಿಲಿಗೆ ಇಳಿಸಿ ಲೋಟಕ್ಕೆ ಬದಲಿಸುವಂತೆ ಮಕ್ಕಳ ವೈದ್ಯರು ಹೇಳಿದರು. ಹಾಲು ಕಡಿಮೆಯಾದರೆ ಮಾತು ಬರುತ್ತದೆಂದಲ್ಲ. ಹಸಿದ ಮಗುವಿಗೆ ಕೇಳುವುದಕ್ಕೆ ಒಂದು ಕಾರಣ ಸಿಗುತ್ತದೆ, ಬಾಟಲಿ ಬಿಟ್ಟ ಬಾಯಿ ಖಾಲಿಯಿರುತ್ತದೆ.

ಮನೆಯವರ ಸಲಹೆಗಳು ಮೊದಲೇ ಬಂದಿದ್ದವು. ಗಂಡುಮಕ್ಕಳಿಗೆ ಮಾತು ತಡ, ಅವನಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಕಾಯಿರಿ ಎಂದರು ಒಬ್ಬರು. ನಾಲಿಗೆಗೆ ಬಜೆ ತೇಯ್ದು ನೆಕ್ಕಿಸಿ ಎಂದರು ಇನ್ನೊಬ್ಬರು. ಮೂರು ಮೂರು ಭಾಷೆ ಕೇಳಿ ಮಗು ಗೊಂದಲವಾಗಿದೆ, ಮನೆಯಲ್ಲಿ ಬರೀ ಇಂಗ್ಲಿಷ್ ಮಾತಾಡಿ, ಹೇಗೂ ಸ್ಕೂಲಿಗೆ ಬೇಕಲ್ಲ ಎಂದರು ಮತ್ತೊಬ್ಬರು. ಅಪ್ಪನೂ ತಡವಾಗಿ ಮಾತಾಡಿದ್ದು ಸಮಾಧಾನಕ್ಕೆ ಹೇಳುವ ಮಾತಾದರೂ ನಿಜಕ್ಕೆ ಅದು ಎಚ್ಚರಿಕೆಗೆ ಕಾರಣ. ಮಾತಿನ ತಡ ಕುಟುಂಬದಲ್ಲಿ ಹರಿದು ಬರುತ್ತದೆ, ಅಂಥ ಮನೆಯ ಮಗುವನ್ನು ಬೇಗ ಪರೀಕ್ಷಿಸಬೇಕು. ಬಜೆಯಿಂದ ಮಾತು ಬರುವುದಕ್ಕೆ ಯಾವ ಆಧಾರವೂ ಇಲ್ಲ, ಅದರಲ್ಲಿರುವ ಬೀಟಾ-ಅಸರೋನ್ ವಿಷಕಾರಿ ಅಂಶ. ಪುಟ್ಟ ಮಕ್ಕಳ ಬಾಯಿಗೆ ಹಾಕಬಾರದು. ಮೂರನೆಯ ಸಲಹೆ ಈ ಮನೆಯಲ್ಲಿ ಹೆಚ್ಚು ಹಾನಿ ಮಾಡಬಹುದಾಗಿತ್ತು. ಯಾಕೆಂದು ಮುಂದೆ ಪಟ್ಟಿ ನೋಡಿದಾಗ ತಿಳಿಯುತ್ತದೆ.

ಮೊದಲು ಕಿವಿ

ಮಾತಿನ ತಡ ಎಂದು ಬಂದ ಯಾವ ಮಗುವಿಗೂ ಮೊದಲ ಕೆಲಸ ಶ್ರವಣ ಪರೀಕ್ಷೆ. ಈ ಮಗುವಿಗೆ ಹುಟ್ಟಿದಾಗ ಓಎಇ ಪರೀಕ್ಷೆ (ಎಳೆಗೂಸಿನ ಕಿವಿಯ ತಪಾಸಣೆ) ಮಾಡಿ ‘ಪಾಸ್’ ಎಂದು ಬರೆದುಕೊಟ್ಟಿದ್ದರು. ಅದಕ್ಕೇ ಮನೆಯವರು ಕಿವಿಯ ವಿಷಯ ಯೋಚಿಸಿರಲಿಲ್ಲ. ಹುಟ್ಟಿದಾಗಿನ ಪಾಸ್ ಆ ದಿನದ ಕಿವಿಯನ್ನಷ್ಟೇ ಹೇಳುತ್ತದೆ. ಕಳೆದ ಮಳೆಗಾಲದಿಂದ ಮಗುವಿಗೆ ಮೇಲಿಂದ ಮೇಲೆ ನೆಗಡಿ, ರಾತ್ರಿ ಬಾಯಿ ತೆರೆದು ಮಲಗುವುದು, ಟಿವಿಯ ಹತ್ತಿರ ಹೋಗಿ ನಿಲ್ಲುವುದು ಇತ್ತು. ಕೇಳಿದ ಮೇಲೆ ಅಮ್ಮ ಇದನ್ನೆಲ್ಲ ನೆನೆಸಿಕೊಂಡರು.

ಕಿವಿತಮಟೆ ಎಷ್ಟು ಅಲುಗುತ್ತದೆಂದು ನೋಡುವ ಟಿಂಪನೊಮೆಟ್ರಿ ಪರೀಕ್ಷೆಯಲ್ಲಿ ಎರಡೂ ಕಿವಿಯ ರೇಖೆ ಚಪ್ಪಟೆಯಾಗಿ ಬಂತು, ಅಂದರೆ ‘ಬಿ’ ಮಾದರಿ. ಕಿವಿತಮಟೆಯ ಹಿಂದೆ ದ್ರವ ನಿಂತಿದೆ ಎಂದರ್ಥ. ಇದರಲ್ಲಿ ನೋವಿಲ್ಲ, ಸೋರುವುದಿಲ್ಲ, ಜ್ವರವಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಕೇಳುವಿಕೆ ಸಾಮಾನ್ಯವಾಗಿ 20–30 ಡೆಸಿಬೆಲ್‌ನಷ್ಟು ಇಳಿಯುತ್ತದೆ, ಕಿವಿಗೆ ಹತ್ತಿ ಇಟ್ಟುಕೊಂಡು ಕೇಳಿದ ಹಾಗೆ. ಬಾಗಿಲು ಬಡಿದರೆ ತಿರುಗುತ್ತಾನೆ, ಹಾಡು ಹಾಕಿದರೆ ಓಡಿ ಬರುತ್ತಾನೆ. ಹಾಗಾಗಿ ‘ಕಿವಿ ಚೆನ್ನಾಗಿದೆ’ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅಡುಗೆಮನೆಯಿಂದ ಮೆಲ್ಲಗೆ ಬರುವ ಮಾತು, ಮಿಕ್ಸಿ ಸದ್ದಿನ ನಡುವೆ ಹೇಳಿದ ಪದ, ಕೊನೆಗೆ ತೇಲಿಹೋಗುವ ‘-ಲ್ಲಿ’, ‘-ಗೆ’ ಇವು ತಪ್ಪುತ್ತವೆ.

ಇಎನ್‌ಟಿ ವೈದ್ಯರು ಮೂರು ತಿಂಗಳು ಕಾದು ಮತ್ತೆ ಪರೀಕ್ಷಿಸೋಣ ಎಂದರು. ಇದೇ ಸಾಮಾನ್ಯ ಕ್ರಮ, ಬಹಳಷ್ಟು ಮಕ್ಕಳಲ್ಲಿ ದ್ರವ ತಾನಾಗಿ ಇಂಗುತ್ತದೆ. ಈ ಮೂರು ತಿಂಗಳನ್ನು ಸುಮ್ಮನೆ ಕಳೆಯಬಾರದು. ಮಗುವಿನ ಎದುರು, ಒಂದು ತೋಳಿನ ಅಳತೆಯೊಳಗೆ, ಅವನ ಮುಖದ ಮಟ್ಟಕ್ಕೆ ಕೂತು ಮಾತಾಡಬೇಕು. ಮಾತಾಡುವಾಗ ಟಿವಿ, ಚಿಮಣಿ ಫ್ಯಾನು ಆರಿಸಬೇಕು. ಇನ್ನೊಂದು ಕೋಣೆಯಿಂದ ಕೂಗಬಾರದು.

ಆಟಿಸಂ ಇರಬಹುದೇ ಎಂಬ ಭಯವನ್ನು ಅಮ್ಮ ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ಇತ್ತು. 16ರಿಂದ 30 ತಿಂಗಳ ಮಕ್ಕಳಿಗೆ ಬಳಸುವ 20 ಪ್ರಶ್ನೆಗಳ ಎಂ-ಚಾಟ್-ಆರ್ ಪಟ್ಟಿಯಲ್ಲಿ ಅಂಕ 2 ಬಂತು. 0–2 ಕಡಿಮೆ ಅಪಾಯದ ವರ್ಗ. ಮಗು ಬೆರಳು ತೋರಿಸಿ ಕೇಳುತ್ತಾನೆ, ಹಕ್ಕಿ ಕಂಡರೆ ‘ನೋಡು’ ಎಂಬಂತೆ ಬೆರಳು ಚಾಚಿ ಅಮ್ಮನ ಮುಖ ನೋಡುತ್ತಾನೆ, ಗೊಂಬೆಗೆ ತುತ್ತು ಕೊಡುತ್ತಾನೆ. ಇವು ಬಹಳ ಮುಖ್ಯವಾದ ಲಕ್ಷಣಗಳು. ಎರಡು ವರ್ಷ ತುಂಬುವ ಮೊದಲು ಮಾಡಿದ ಪರೀಕ್ಷೆಯಾದ್ದರಿಂದ 24 ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಲೇಬೇಕಿತ್ತು. ಮಾಡಿದಾಗ 1 ಬಂತು.

61 ಪದ 14 ಆದ ಬಗೆ

ತಾಯಿ ನೋಟ್‌ಬುಕ್ ತಂದಿದ್ದರು. ಅದರಲ್ಲಿ ಮಗ ಹೇಳುವ 61 ‘ಪದ’ಗಳಿದ್ದವು. ಒಂದು ಸದ್ದನ್ನು ಪದವೆಂದು ಎಣಿಸಲು ಮೂರು ಷರತ್ತು: ಯಾರೂ ಹೇಳಿಕೊಡದೆ ತಾನಾಗಿ ಹೇಳಬೇಕು, ಅದೇ ಅರ್ಥಕ್ಕೆ ಮತ್ತೆ ಮತ್ತೆ ಅದೇ ಸದ್ದು ಬಳಸಬೇಕು, ಒಂದಕ್ಕಿಂತ ಹೆಚ್ಚು ಸಂದರ್ಭದಲ್ಲಿ ಬಳಸಬೇಕು. ಉಚ್ಚಾರ ಸರಿಯಿರಬೇಕಿಲ್ಲ, ‘ಪಾಲು’ವಿಗೆ (ತೆಲುಗಿನಲ್ಲಿ ಹಾಲು) ‘ಪಾ’ ಅಂದರೂ ಪದವೇ. ‘ಬೌಬೌ’, ‘ಅಂಬಾ’ ಕೂಡ ಪದಗಳೇ, ಅವನ್ನು ಬಿಡಬಾರದು.

ಈ ಜರಡಿಯಲ್ಲಿ 26 ಇಂಗ್ಲಿಷ್ ಅಕ್ಷರ, 10 ಅಂಕಿ, 5 ಬಣ್ಣದ ಹೆಸರು ಕೆಳಗೆ ಬಿದ್ದವು. ಹಾಡಿನ ಧಾಟಿಯಲ್ಲಿ ಬರುತ್ತಿದ್ದ ಸರಣಿ ಅದು. ಕೆಂಪು ಚೆಂಡು ಕೈಗೆ ಕೊಟ್ಟರೆ ‘ರೆಡ್’ ಎನ್ನುತ್ತಿರಲಿಲ್ಲ. ಇನ್ನೂ 6 ಪದ ಒಮ್ಮೆ ಮಾತ್ರ ಕೇಳಿದ್ದು ಅಥವಾ ದೊಡ್ಡವರು ಹೇಳಿದ್ದನ್ನು ಆ ಕ್ಷಣ ಮರುನುಡಿದದ್ದು. ‘ಅಮ್ಮ’ ಈ ಆರರಲ್ಲಿ ಒಂದು. ಅಳುವಾಗ ಬಾಯಿಂದ ಬರುತ್ತಿತ್ತು, ಕರೆಯುವುದಕ್ಕೆ ಬರುತ್ತಿರಲಿಲ್ಲ. ಅದನ್ನು ಹೊಡೆದುಹಾಕುವಾಗ ಆ ತಾಯಿಗೆ ಕಷ್ಟವಾಯಿತು, ಆಗುವುದು ಸಹಜ.

ಉಳಿದ 14: ಕನ್ನಡದ ಪಪ್ಪ, ಮಂಮಂ, ಕಾಕಾ, ಬೌಬೌ, ಅಂಬಾ, ಟಾಟಾ, ಜೋಜೋ, ಗುಮ್ಮ. ತುಳುವಿನ ಬಲ (ಬಾ), ಬೊಡ್ಚಿ (ಬೇಡ), ನೀರ್, ಪುಚ್ಚೆ (ಬೆಕ್ಕು). ತೆಲುಗಿನ ಪಾಲು. ಇಂಗ್ಲಿಷಿನ ಬಾಲ್.

ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ದಿನಕ್ಕೆ ಮೂರು ಗಂಟೆ ಇಂಗ್ಲಿಷ್ ಕೇಳಿದ ಮಗುವಿಗೆ ಆ ಭಾಷೆಯಿಂದ ದಕ್ಕಿದ್ದು ಒಂದು ಪದ, ಅದೂ ಅಪ್ಪ ಚೆಂಡು ಎಸೆದು ಆಡಿಸುವಾಗ ಬಂದದ್ದು. ಮನೆಯಲ್ಲಿ ತಕ್ಕಮಟ್ಟಿಗೆ ಮಾತ್ರ ಕೇಳುವ ತುಳುವಿನಿಂದ ನಾಲ್ಕು ಪದ. ಇಡೀ ಪಟ್ಟಿಯಲ್ಲಿ ಇನ್ನೊಬ್ಬರಿಂದ ಕೆಲಸ ಮಾಡಿಸುವ ಪದಗಳು ಎರಡೇ, ‘ಬಲ’ ಮತ್ತು ‘ಬೊಡ್ಚಿ’. ಬಾ ಎನ್ನುವುದೂ ಬೇಡ ಎನ್ನುವುದೂ ಅಜ್ಜಿಯಿಂದಲೇ ಬಂದವು. ಅಜ್ಜಿ ಬಾಲ್ಕನಿಯಲ್ಲಿ ಬೆಕ್ಕು ತೋರಿಸುತ್ತ, ಮಗು ಏನಾದರೂ ಸದ್ದು ಮಾಡಿದರೆ ಅದಕ್ಕೆ ಉತ್ತರಿಸುತ್ತ ಕೂರುತ್ತಿದ್ದರು. ಅದೇ ಮನೆಯಲ್ಲಿ ಅತಿ ಹೆಚ್ಚು ಪ್ರಯೋಜನಕ್ಕೆ ಬಂದ ಆ ಭಾಷೆಯನ್ನೇ ನಿಲ್ಲಿಸುವಂತೆ ಸಲಹೆ ಬಂದಿತ್ತು.

ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಎಣಿಸುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಬೇಕು, ಅಷ್ಟೇ. ಒಂದೇ ಭಾಷೆ ಎಣಿಸಿದರೆ ಕರಾವಳಿ, ಗಡಿನಾಡು, ಬೆಂಗಳೂರಿನ ಬಹಳಷ್ಟು ಮಕ್ಕಳು ಹಿಂದುಳಿದವರಂತೆ ಕಾಣುತ್ತಾರೆ. ಎಲ್ಲ ಕೂಡಿಸಿದ ಮೇಲೂ 14 ಕಡಿಮೆಯೇ. 24 ತಿಂಗಳಿಗೆ 50 ಪದ, ಎರಡು ಪದ ಜೋಡಿಸಿದ ಮಾತು ಇರಬೇಕೆಂಬುದು ಸಾಮಾನ್ಯ ಗಡಿ.

ಹತ್ತು ನಿಮಿಷದ ವಿಡಿಯೊ

ರಾತ್ರಿ ಊಟದ ಹೊತ್ತು ಫೋನನ್ನು ಕಪಾಟಿನ ಮೇಲಿಟ್ಟು ಹತ್ತು ನಿಮಿಷ ಚಿತ್ರಿಸಲು ಹೇಳಲಾಯಿತು. ದೊಡ್ಡವರ ಮಾತು 112. ಅದರಲ್ಲಿ ಪ್ರಶ್ನೆ 58: “ಇದೇನು?” “ಇದ್ಯಾವ ಕಲರ್?” “ಕಾಕಾ ಏನನ್ನತ್ತೆ?” ಅಪ್ಪಣೆ 31: “ಬಾಯಿ ತೆಗಿ”, “ನುಂಗು”, “ಮುಟ್ಬೇಡ”. ಉಳಿದದ್ದು 23. ಮಗು ಸದ್ದು, ನೋಟ, ಬೆರಳು ಇವುಗಳಿಂದ ಮಾತಿಗೆ ಎಳೆದದ್ದು 17 ಸಲ, ಅದಕ್ಕೆ ಯಾರಾದರೂ ಓಗೊಟ್ಟದ್ದು 6 ಸಲ.

ತಂದೆತಾಯಿ ಮಾತು ಕಡಿಮೆ ಆಡಿದ್ದಾರೆಂದು ಯಾರೂ ಹೇಳುವಂತಿಲ್ಲ, ಬಾಯಿ ಬಿಡುವಿಲ್ಲದಷ್ಟು ಆಡಿದ್ದಾರೆ. ಮಗುವಿಗೆ ಸರದಿ ಸಿಗಲಿಲ್ಲ. ಎಷ್ಟೋ ಸಲ ಒಂದು ಪ್ರಶ್ನೆಗೂ ಮುಂದಿನ ಪ್ರಶ್ನೆಗೂ ನಡುವೆ ಒಂದು ಸೆಕೆಂಡು ಕೂಡ ಬಿಡುವಿರಲಿಲ್ಲ. ಈ ವಯಸ್ಸಿನ ಮಗುವಿಗೆ ಕೇಳಿದ್ದನ್ನು ಅರ್ಥ ಮಾಡಿಕೊಂಡು ಬಾಯಿ ಹೊಂದಿಸಿಕೊಳ್ಳಲು ಐದರಿಂದ ಹತ್ತು ಸೆಕೆಂಡು ಬೇಕಾಗಬಹುದು. ಜೊತೆಗೆ ಅಪ್ಪ ಕೇಳಿದ ಬಹುತೇಕ ಪ್ರಶ್ನೆಗಳ ಉತ್ತರ ಅಪ್ಪನಿಗೇ ಗೊತ್ತು. ಅಂಥ ಪ್ರಶ್ನೆ ಪರೀಕ್ಷೆಯಾಗುತ್ತದೆ, ಮಗು ಮುಖ ತಿರುಗಿಸುತ್ತದೆ.

ಮಾಡಿದ್ದೇನು

ಮಾತು ಕಲಿಸಲು ಬೇರೆ ಸಮಯ ತೆಗೆದಿಡಲಿಲ್ಲ. ಸ್ನಾನ, ಊಟ, ಹೊರಗೆ ಹೊರಡುವುದು, ದಿನವೂ ತಪ್ಪದೆ ನಡೆಯುವ ಈ ಮೂರನ್ನೇ ಆರಿಸಲಾಯಿತು. ಪ್ರತಿಯೊಂದಕ್ಕೂ ಹತ್ತು–ಹದಿನೈದು ನಿಮಿಷ, ಒಬ್ಬರೇ ದೊಡ್ಡವರು, ಫೋನು ಇನ್ನೊಂದು ಕೋಣೆಯಲ್ಲಿ.

ಗುರಿಯ ಪದಗಳು ಹತ್ತು: ಅಮ್ಮ, ಅಜ್ಜಿ, ಬೇಕು, ಕೊಡು, ತೆಗಿ, ಇನ್ನೂ, ಆಯ್ತು, ಬಿತ್ತು, ಎಲ್ಲಿ, ಚಪ್ಪಲಿ. ಬಣ್ಣ, ಅಂಕಿ ಇದರಲ್ಲಿಲ್ಲ, ಯಾಕೆಂದರೆ ಎರಡು ವರ್ಷದ ಮಗುವಿಗೆ ‘ನೀಲಿ’ ಎಂದು ಹೇಳಿ ಸಿಗುವುದು ಏನೂ ಇಲ್ಲ, ‘ತೆಗಿ’ ಎಂದರೆ ಡಬ್ಬಿ ತೆರೆಯುತ್ತದೆ. ತುಟಿ, ನಾಲಿಗೆಯ ತುದಿಯಿಂದ ಹುಟ್ಟುವ ಪ, ಬ, ಮ, ತ, ದ, ನ ಹೆಚ್ಚಿರುವ ಪದಗಳು ಬೇಗ ಬರುತ್ತವೆ. ಅಜ್ಜಿ ಇದೇ ಕೆಲಸವನ್ನು ತುಳುವಿನಲ್ಲಿ ‘ಕೊರ್ಲ’ (ಕೊಡು), ‘ಆಂಡ್’ (ಆಯ್ತು) ಎಂದೇ ಮಾಡಲಿ ಎಂದು ಸ್ಪಷ್ಟವಾಗಿ ಹೇಳಲಾಯಿತು. ಆಯಾಗೂ ತೆಲುಗು ಬಿಡಬೇಡಿ ಎಂದು ತಿಳಿಸಲಾಯಿತು. ತಮಗೆ ಸರಾಗವಿಲ್ಲದ ಭಾಷೆಯಲ್ಲಿ ಮಾತಾಡಿದರೆ ದೊಡ್ಡವರ ಮಾತೇ ಬಡವಾಗುತ್ತದೆ.

ಸ್ನಾನದ ಹೊತ್ತು ನಡೆಯುವುದು ಹೀಗೆ. ಮಗ್ಗಿನಲ್ಲಿ ನೀರು ತುಂಬಿ ಎತ್ತಿ ಹಿಡಿಯುವುದು, ಸುಮ್ಮನಾಗುವುದು. ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತ ಅವನ ಮುಖ ನೋಡುವುದು. ಅವನು ನೋಡಿದರೆ, ಕೈ ಚಾಚಿದರೆ, ‘ಆಂ’ ಅಂದರೆ, ಅದೇ ಅವನ ಸರದಿ. ಕೂಡಲೇ “ನೀರು ಬೇಕು!” ಎಂದು ಹೇಳಿ ಸುರಿಯುವುದು. ಏನೂ ಬರದಿದ್ದರೂ ಹತ್ತರ ಹೊತ್ತಿಗೆ “ನೀರು ಬೇಕು” ಎಂದು ನಾವೇ ಹೇಳಿ ಸುರಿಯುವುದು. “ಹೇಳು, ಹೇಳಿದ್ರೆ ಮಾತ್ರ ಕೊಡ್ತೀನಿ” ಎನ್ನುವಂತಿಲ್ಲ. ಮತ್ತೆ ಮಗ್ಗು ತುಂಬುವುದು, “ಇನ್ನೂ ಬೇಕು?” ಕೊನೆಗೆ “ಆಯ್ತು.” ಒಂದು ಸ್ನಾನದಲ್ಲಿ ‘ಇನ್ನೂ’ ಹದಿನೈದು ಸಲ ಕಿವಿಗೆ ಬೀಳುತ್ತದೆ, ಪ್ರತಿ ಸಲವೂ ಅರ್ಥ ಮೈಮೇಲೆ ಸುರಿಯುತ್ತದೆ.

ಮಗು ಒಂದು ಪದ ಹೇಳಿದರೆ ದೊಡ್ಡವರು ಅದಕ್ಕೆ ಇನ್ನೊಂದೇ ಸೇರಿಸಿ ಹಿಂತಿರುಗಿಸುವುದು. “ಪುಚ್ಚೆ” ಅಂದರೆ “ಪುಚ್ಚೆ ಬಂತು.” “ಬಿತ್ತು” ಅಂದರೆ “ಚಮಚ ಬಿತ್ತು.” ಊಟಕ್ಕೆ ಆಯ್ಕೆ ಕೊಡುವುದು, ಎರಡನ್ನೂ ಕೈಯಲ್ಲಿ ಹಿಡಿದು: “ಬಾಳೆಹಣ್ಣಾ? ಇಡ್ಲಿನಾ?” ಕಡಲೆಪುರಿ ಹಾಕಿದ ಬಿಗಿ ಮುಚ್ಚಳದ ಡಬ್ಬಿಯನ್ನು ಅವನ ಕೈಗೇ ಕೊಟ್ಟು ‘ತೆಗಿ’ಗೆ ಕಾಯುವುದು.

ಕನ್ನಡದ ಕುರಿತು ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬರುತ್ತದೆ, ಮಕ್ಕಳ ಕಿವಿ ಕೊನೆಯ ಪದವನ್ನು ಚೆನ್ನಾಗಿ ಹಿಡಿಯುತ್ತದೆ. ಬೇಕು, ಬಿತ್ತು, ಹೋಯ್ತು ಬೇಗ ನಾಟುತ್ತವೆ, ನಡುವೆ ಸಿಕ್ಕಿದ ವಸ್ತುವಿನ ಹೆಸರು ಮಸುಕಾಗುತ್ತದೆ. ಹೆಸರು ಕಲಿಸಬೇಕಾದಾಗ ಮನೆಮಾತಿನಲ್ಲಿ ಸಹಜವಾಗಿ ಆಡುವ ಹಾಗೆ ಅದನ್ನು ಕೊನೆಗೆ ತಳ್ಳಿದರೆ ಸಾಕು: “ಬಂತು ನೋಡು, ಬಸ್ಸು!” “ಎಲ್ಲಿ ಹೋಯ್ತು, ಚಪ್ಪಲಿ?” ಇದಕ್ಕೆ ಯಾವ ಸಲಕರಣೆಯೂ ಬೇಡ.

ಕೆಟ್ಟದ್ದೆಲ್ಲಿ

ಪರದೆ ನಿಲ್ಲಿಸಿದ ಮೊದಲ ವಾರ ಕಠಿಣ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷದೊಳಗೆ ಪರದೆ ಬೇಡ, ದೂರದ ಬಂಧುಗಳ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆ ಬಿಟ್ಟು. ಎರಡರಿಂದ ಐದು ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಈ ಮನೆಯಲ್ಲಿ ಮೊದಲು ಊಟದ ಫೋನು, ಆಮೇಲೆ ಯಾರೂ ನೋಡದೆ ಓಡುತ್ತಿದ್ದ ಟಿವಿ, ಕೊನೆಗೆ ಉಳಿದದ್ದು, ಹೀಗೆ ಮೂರು ಹಂತದಲ್ಲಿ ತೆಗೆದರು. ಮಗು ನಾಲ್ಕೈದು ದಿನ ಸರಿಯಾಗಿ ಉಣ್ಣಲಿಲ್ಲ, ಮೂರನೇ ದಿನ ಅಜ್ಜಿಯ ಕರುಳು ತಡೆಯದೆ ಫೋನು ಕೊಟ್ಟರು. ಒಮ್ಮೆ ಹೀಗೆ ಕೊಟ್ಟರೆ ಅತ್ತರೆ ಸಿಗುತ್ತದೆಂಬ ಪಾಠ ಗಟ್ಟಿಯಾಗಿ, ಮುಂದಿನ ಎರಡು ದಿನದ ಅಳು ಹೆಚ್ಚಾಯಿತು. ನೀರು, ಹಾಲು ಕುಡಿಯುತ್ತಿದ್ದು ಚುರುಕಾಗಿರುವ ಮಗು ನಾಲ್ಕು ದಿನ ಕಡಿಮೆ ಉಂಡರೆ ಅಪಾಯವಿಲ್ಲ ಎಂಬುದನ್ನು ಅಜ್ಜಿಗೆ ಮೊದಲೇ ಕೂತು ವಿವರಿಸಬೇಕಿತ್ತು. ಮನೆಯ ಹಿರಿಯರನ್ನು ಬಿಟ್ಟು ಮಾಡಿದ ಯೋಜನೆ ನಿಲ್ಲುವುದಿಲ್ಲ.

ಎರಡನೆಯದು, ಅಪ್ಪನಿಗೆ ಕಾಯುವುದು ಬರಲಿಲ್ಲ. ಮೂರು ಸೆಕೆಂಡಿಗೆ ಮತ್ತೆ “ಇದೇನು ಹೇಳು?” ಕೊನೆಗೆ ಅವರಿಗೆ ಬೇರೆ ಕೆಲಸ ಕೊಡಲಾಯಿತು, ಪ್ರಶ್ನೆಯನ್ನೇ ಕೇಳದೆ ಮಗು ಮಾಡುತ್ತಿರುವುದನ್ನು ಹೇಳುತ್ತ ಹೋಗುವುದು. “ಕಾರು ಹೋಯ್ತು. ಡಬ್! ಬಿತ್ತು.” ಅದು ಚೆನ್ನಾಗಿ ಕೂಡಿಬಂತು.

ಆರು ವಾರದ ನಂತರದ ಹತ್ತು ನಿಮಿಷದ ವಿಡಿಯೊದಲ್ಲಿ ದೊಡ್ಡವರ ಮಾತು 64ಕ್ಕೆ ಇಳಿದಿತ್ತು, ಪ್ರಶ್ನೆ 15. ಮಗುವಿನ ಪ್ರಯತ್ನ 29, ಓಗೊಟ್ಟದ್ದು 24.

ಬಂದ ಫಲ

24 ತಿಂಗಳಿಗೆ ಎಲ್ಲ ಭಾಷೆ ಸೇರಿ 38 ಪದ. ‘ಅಮ್ಮ’ ಕರೆಯಾಗಿ ಬಂತು, ಬಚ್ಚಲುಮನೆಯ ಬಾಗಿಲಾಚೆಯಿಂದ. ಅದೇ ತಿಂಗಳು ಅಜ್ಜಿ ಊರಿಗೆ ಹೋದರು, ಮಗುವಿಗೆ ನೆಗಡಿ, ಮೂರು ವಾರ ಒಂದೂ ಹೊಸ ಪದವಿಲ್ಲ. ಹೊಸದು ಬರದೆ ನಿಲ್ಲುವುದು ಬೇರೆ, ಇದ್ದ ಪದ ಕಳೆದುಹೋಗುವುದು ಬೇರೆ. ಕಳೆದುಹೋದರೆ ಯಾವ ವಯಸ್ಸಿನಲ್ಲಾದರೂ ತಕ್ಷಣ ವೈದ್ಯರ ಬಳಿ ಹೋಗಬೇಕು. ಇಲ್ಲಿ ಹಾಗಾಗಲಿಲ್ಲ.

25 ತಿಂಗಳಿಗೆ ಮತ್ತೆ ಟಿಂಪನೊಮೆಟ್ರಿ. ಬಲಗಿವಿ ‘ಎ’, ಸಹಜ. ಎಡಗಿವಿ ‘ಸಿ’, ಒತ್ತಡ ಇನ್ನೂ ಸರಿಹೊಂದಿಲ್ಲ, ಆದರೆ ದ್ರವ ಹೋಗಿದೆ. ನಂತರದ ತಿಂಗಳುಗಳಲ್ಲಿ ಏರಿಕೆ ಕಡಿದಾಗಿತ್ತು. ಇದರಲ್ಲಿ ಕಿವಿಯ ಪಾಲೆಷ್ಟು, ಮನೆಯ ಬದಲಾವಣೆಯ ಪಾಲೆಷ್ಟು, ಕಾಲವೇ ಮಾಡಿದ್ದೆಷ್ಟು ಎಂದು ಬಿಡಿಸಿ ಹೇಳಲಾಗದು. ಎರಡು ವರ್ಷಕ್ಕೆ ಹಿಂದಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಾಲೆಗೆ ಸೇರುವ ಹೊತ್ತಿಗೆ ಸರಿಸಮವಾಗುತ್ತಾರೆ. ಯಾವ ಮಗು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲೇ ಹೇಳಲು ಬಾರದ್ದರಿಂದಲೇ ಕಾಯುತ್ತ ಕೂರುವಂತಿಲ್ಲ.

26 ತಿಂಗಳಿಗೆ “ಅಮ್ಮ ಬಾ”, “ಪಾಲು ಬೇಕು”, “ಪುಚ್ಚೆ ಎಲ್ಲಿ”. ಭಾಷೆ ಬೆರೆತಿದೆ ಎಂದು ಅಮ್ಮ ಆತಂಕಪಟ್ಟರು. ಎರಡು ಭಾಷೆಯ ಪದಗಳನ್ನು ಕೂಡಿಸಿ ಅರ್ಥ ಹೊರಡಿಸುವುದು ಕಲಿಕೆಯ ಲಕ್ಷಣವೇ. ಅದೇ ಹೊತ್ತಿಗೆ “ಅಪ್ಪಂದು”, “ಅಜ್ಜೀದು”, “ಕಾರಲ್ಲಿ” ಕೇಳಿಬಂದವು. ಇವನ್ನು ಒಂದೇ ಪದವೆಂದು ಎಣಿಸಿ ಮುಂದೆ ಹೋಗುವುದು ತಪ್ಪು. ಇಂಗ್ಲಿಷ್ ಮಕ್ಕಳಿಗೆಂದು ಮಾಡಿದ ಪಟ್ಟಿಗಳು ಎರಡು ಬಿಡಿ ಪದಗಳ ಜೋಡಣೆಯನ್ನು ಹುಡುಕುತ್ತವೆ. ಕನ್ನಡದ ಮಗು ಅಂಥದ್ದೇ ಸಂಬಂಧವನ್ನು ಪದದ ಬಾಲಕ್ಕೆ ಪ್ರತ್ಯಯ ಹಚ್ಚಿ ಹೇಳಿಬಿಡುತ್ತದೆ. ಕನ್ನಡ ಮನೆಯ ನೋಟ್‌ಬುಕ್ಕಿನಲ್ಲಿ ‘-ದು’, ‘-ಗೆ’, ‘-ಲ್ಲಿ’ ಮೊದಲು ಬಂದ ದಿನಕ್ಕೆ ಪ್ರತ್ಯೇಕ ಕಾಲಂ ಇರಬೇಕು. “ಅಪ್ಪ ಬಂತು” ಎಂದಾಗ ತಿದ್ದುವುದು ಬೇಡ, “ಹೌದು, ಅಪ್ಪ ಬಂದ್ರು” ಎಂದರೆ ಸಾಕು.

27 ತಿಂಗಳಿಗೆ ಪ್ಲೇಹೋಮ್. ಅಲ್ಲಿ ಇಂಗ್ಲಿಷು ಮಾತ್ರ, ಮಗು ಆರು ವಾರ ಬಾಯಿ ಬಿಡಲಿಲ್ಲ. ಮನೆಯಲ್ಲಿ ಎಂದಿನಂತೆ ಮಾತಾಡುತ್ತಿದ್ದುದರಿಂದ ಇದನ್ನು ಹೊಸ ಭಾಷೆಗೆ ಕಿವಿ ಒಗ್ಗಿಸಿಕೊಳ್ಳುವ ಮೌನವೆಂದು ಪರಿಗಣಿಸಿ, ಮನೆಯ ಕ್ರಮ ಬದಲಿಸದೆ ಮುಂದುವರಿಸಲಾಯಿತು.

30 ತಿಂಗಳಿಗೆ ಎಣಿಕೆ 180 ದಾಟಿತು, ಆಮೇಲೆ ತಾಯಿ ಎಣಿಸುವುದನ್ನು ನಿಲ್ಲಿಸಿದರು. ಮೂರು ಪದದ ಮಾತು ದಿನಕ್ಕೆ ಹಲವು. ‘ರ’ ಬದಲು ‘ಲ’, ‘ಳ’ ಇಲ್ಲ, ಒತ್ತಕ್ಷರ ಹಾರಿಹೋಗುತ್ತದೆ. ಈ ವಯಸ್ಸಿಗೆ ಇವಕ್ಕೆ ಚಿಕಿತ್ಸೆ ಬೇಡ.

ಬೇರೆ ಮನೆಗಳವರಿಗೆ ಗಡಿಗಳು: 10 ತಿಂಗಳಾದರೂ ‘ಬಬಬ’, ‘ದದದ’ ಬಾರದಿದ್ದರೆ, ವರ್ಷ ದಾಟಿದರೂ ಬೆರಳು ತೋರದಿದ್ದರೆ, 16 ತಿಂಗಳಿಗೆ ಒಂದೂ ಪದ ಇಲ್ಲದಿದ್ದರೆ, 24ಕ್ಕೆ ಎರಡು ಪದ ಕೂಡದಿದ್ದರೆ ತೋರಿಸಬೇಕು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣ, ವಾಕ್ ಪರೀಕ್ಷೆ ಎರಡೂ ಆಗುತ್ತವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ, ಬೆಳವಣಿಗೆ ತಡವಾದವರನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತವೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ತಂಡ ಬರುವ ದಿನ ತಿಳಿಯುತ್ತದೆ.

ಈ ಮಗುವಿನ ಮುಂದಿನ ಭೇಟಿ 36 ತಿಂಗಳಿಗೆ. ಅಷ್ಟರಲ್ಲಿ ಮಳೆಗಾಲದ ಪ್ರತಿ ನೆಗಡಿಯ ನಂತರ ಎಡಗಿವಿಯನ್ನು ಗಮನಿಸಬೇಕು. ‘ನಿನ್ನೆ’ ನಡೆದದ್ದನ್ನು ಎರಡು ಮಾತಿನಲ್ಲಿ ಹೇಳುತ್ತಾನೆಯೇ, ಮನೆಯ ಹೊರಗಿನವರಿಗೆ ಅವನ ಮಾತು ಹೆಚ್ಚಿನ ಮಟ್ಟಿಗೆ ಅರ್ಥವಾಗುತ್ತದೆಯೇ, ಇವೆರಡನ್ನು ಅಮ್ಮ ಬರೆದಿಟ್ಟುಕೊಂಡು ತರಬೇಕು.